ಪ್ರಕೃತಿಯ ಮಡಿಲಿಗೆ ಪ್ರವೇಶವಿಲ್ಲ

ಚಿಕ್ಕಮಗಳೂರಿನ ನಮ್ಮ ಡಿಟಿಪಿ ಅಂಗಡಿಯ ಮಹಡಿ ಮೇಲೆ ಮಂಗಳವಾರ ಮಧ್ಯಾಹ್ನ ಬರವಣಿಗೆ ತರಗತಿ ನಡೆಸುತ್ತೇನೆ ಅಂದರೆ ಜನ ಮೊದಲು ಕೇಳುವುದು 'ಮಂಗಳವಾರ ಯಾಕೆ?' ಅಂತ. ಬರುವವರಲ್ಲಿ ಹೋಂಸ್ಟೇ ಇಟ್ಟವರಿದ್ದಾರೆ, ಅವರಿಗೆ ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಕೂರಲು ಪುರುಸೊತ್ತಿರುವುದಿಲ್ಲ. ಸೋಮವಾರ ಬೆಡ್‌ಶೀಟ್ ಒಗೆಯುವ ದಿನ. ಹಾಗಾಗಿ ಮಂಗಳವಾರ. ಕಥೆ ಬರೆಯುವ ಹುಡುಗರು ಭಾನುವಾರ ಇಡಿ ಅಂತ ಬಹಳ ಗೋಗರೆದರು. ಕಥೆಗಾದರೆ ಅರ್ಧ ದಿನ ರಜೆ ಹಾಕಬಹುದು, ಗೆಸ್ಟ್ ಬಂದಾಗ ಹೋಂಸ್ಟೇಗೆ ರಜೆ ಹಾಕಲಾಗುವುದಿಲ್ಲ ಅಂದೆ. ಮುಖ ಊದಿಸಿಕೊಂಡರೂ ಬರುತ್ತಿದ್ದಾರೆ.

ಎರಡನೇ ಪ್ರಶ್ನೆ ಸ್ವಲ್ಪ ಚುಚ್ಚುವಂಥದ್ದು. ವ್ಯಾಪಾರಸ್ಥರನ್ನೂ ಸಾಹಿತ್ಯದವರನ್ನೂ ಒಂದೇ ಚಾಪೆ ಮೇಲೆ ಕೂರಿಸುತ್ತೀರಲ್ಲ, ಇದು ಯಾವ ಸೀಮೆ ತರಗತಿ? ನಿವೃತ್ತ ಮೇಷ್ಟರೊಬ್ಬರು ಅಂಗಡಿಗೇ ಬಂದು, 'ಒಂದು ಕಡೆ ಸೃಜನಶೀಲತೆ, ಇನ್ನೊಂದು ಕಡೆ ಉಪ್ಪಿನಕಾಯಿ ಲೇಬಲ್, ಎರಡಕ್ಕೂ ಏನಮ್ಮಾ ಸಂಬಂಧ?' ಅಂದರು. ಕಾಫಿ ಕೊಟ್ಟು ಕಳಿಸಿದೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ಟ್ರೆಡಲ್ ಮಷೀನ್ ಇಟ್ಟುಕೊಂಡು ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಅಚ್ಚು ಹಾಕುತ್ತಿದ್ದವರು. ನಾನು ಅಕ್ಷರ ಗುರುತಿಸಲು ಕಲಿತದ್ದು ಸೀಸದ ಮೊಳೆಗಳಲ್ಲಿ, ಅಂದರೆ ಉಲ್ಟಾ ಅಕ್ಷರಗಳಲ್ಲಿ. ಮೊಳೆ ಜೋಡಿಸುವ ಕಾಲದಲ್ಲಿ ಪ್ರತಿ ಪದಕ್ಕೂ ಬೆರಳು ಸವೆಯುತ್ತಿತ್ತು. ಯಾರಾದರೂ 'ಸಕುಟುಂಬ ಸಪರಿವಾರ ಸಮೇತರಾಗಿ' ಅಂತ ಬರೆದುಕೊಂಡು ಬಂದರೆ ಅಪ್ಪ 'ಕುಟುಂಬ ಬಂದ್ರೆ ಪರಿವಾರ ಬರಲ್ವೇನಯ್ಯಾ' ಅಂತ ಒಂದನ್ನು ಹೊಡೆದುಹಾಕುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಪದಕ್ಕೆ ತೂಕವೇ ಇಲ್ಲ, ಎಷ್ಟು ಬೇಕಾದರೂ ಸುರಿಯಬಹುದು. ಅಂಗಡಿಗೆ ಬಂದವರನ್ನು ಕರಪತ್ರಕ್ಕೆ ವಿಷಯ ಕೊಡಿ ಅಂದರೆ 'ನೀವೇ ಏನಾದ್ರೂ ಚೆನ್ನಾಗಿ ಬರ್ದು ಹಾಕಿ ಮೇಡಂ' ಅನ್ನುತ್ತಾರೆ. ಆ 'ಏನಾದ್ರೂ ಚೆನ್ನಾಗಿ' ಎಂಬುದನ್ನು ವರ್ಷಗಟ್ಟಲೆ ಬರೆದುಕೊಟ್ಟು ಬೇಸತ್ತ ಮೇಲೆ, ಅವರೇ ಬರೆಯಲಿ ಅಂತ ಶುರುವಾದದ್ದು ಈ ತರಗತಿ.

ನಮ್ಮ ಬೋರ್ಡಿನ ಬಲಗಡೆ ಮೂಲೆಯಲ್ಲಿ ನಿಷೇಧಿತ ಪಟ್ಟಿಯೊಂದಿದೆ. ಅದನ್ನು ಯಾರೂ ಒರೆಸುವ ಹಾಗಿಲ್ಲ. ಪ್ರಕೃತಿಯ ಮಡಿಲಲ್ಲಿ. ಹಚ್ಚ ಹಸಿರಿನ ನಡುವೆ. ಕೈಬೀಸಿ ಕರೆಯುವ. ಮನಸೂರೆಗೊಳ್ಳುವ. ಬಾಯಲ್ಲಿ ನೀರೂರಿಸುವ. ಅಜ್ಜಿಯ ಕೈರುಚಿ. ಜಿಲ್ಲೆಯ ಹೋಂಸ್ಟೇ ಕಾರ್ಡುಗಳನ್ನೆಲ್ಲ ತಂದು ಹೆಸರು ಮುಚ್ಚಿಟ್ಟರೆ ಯಾವುದು ಯಾರದ್ದು ಅಂತ ಅದರ ಯಜಮಾನನಿಗೂ ಹೇಳಲಾಗುವುದಿಲ್ಲ. ಮಜಾ ಅಂದರೆ, ಕಥೆ ತಂದುಕೊಟ್ಟ ಹುಡುಗರ ಮೊದಲ ಪ್ಯಾರಾದಲ್ಲೂ ಇವೇ ಇರುತ್ತವೆ. ಹಚ್ಚ ಹಸಿರಿನ ನಡುವೆ ಒಂದು ಮನೆ, ಮಂಜು ಮುಸುಕಿದ ಬೆಟ್ಟ, ಮೌನವಾಗಿ ಸುರಿಯುವ ಮಳೆ. ನಮ್ಮೂರಿನಲ್ಲಿ ಹುಟ್ಟಿ ಬೆಳೆದವನು ಮಳೆ ಮೌನವಾಗಿ ಸುರಿಯುತ್ತದೆ ಅಂತ ಬರೆಯುತ್ತಾನೆ ಅಂದರೆ ಆ ವಾಕ್ಯ ಅವನದಲ್ಲ, ಎಲ್ಲಿಂದಲೋ ಎತ್ತಿ ತಂದದ್ದು. ಜುಲೈನಲ್ಲಿ ಹೆಂಚಿನ ಮನೆಯೊಳಗೆ ಕೂತು ಪಕ್ಕದವರ ಜೊತೆ ಮಾತಾಡಬೇಕಾದರೂ ಕೂಗಬೇಕು ಮಾರಾಯ್ರೆ!

ಮೇಷ್ಟರಿಗೆ ನನ್ನ ಉತ್ತರ ಇಷ್ಟೇ. ಇಬ್ಬರಿಗೂ ಇರುವ ಕಾಯಿಲೆ ಒಂದೇ, ಊರ ಮಾತನ್ನು ತಂದು ತಮ್ಮ ಹೆಸರು ಹಾಕಿಕೊಳ್ಳುವುದು. ಮದ್ದೂ ಒಂದೇ. ಆದರೆ ಅಂಗಡಿಯವರಿಗೆ ಮದ್ದು ಬೇಗ ಹತ್ತುತ್ತದೆ, ಯಾಕೆಂದರೆ ಅವರ ಹತ್ತಿರ ಗಿರಾಕಿಗಳ ಪ್ರಶ್ನೆಗಳಿವೆ.

ಆಲ್ದೂರು ಕಡೆಯ ಹೋಂಸ್ಟೇ ಗೌಡರೊಬ್ಬರು ಬರುತ್ತಾರೆ. ಅರವತ್ತು ದಾಟಿದವರು. 'ನಮ್ಮಲ್ಲಿ ಎಂತ ಇದೆ ಮೇಡಂ ಬರೀಲಿಕ್ಕೆ, ಎಲ್ಲರ ಹತ್ರ ಇರೋದೇ' ಅಂದರು. ಕೊನೆಗೆ ಬಂದ ಫೋನಿನಲ್ಲಿ ಏನು ಕೇಳಿದರು ಹೇಳಿ ಅಂದೆ. ನಮ್ಮ ಕಾರು ಬರುತ್ತಾ, ಇಂಬಳ (ಜಿಗಣೆ) ಇದೆಯಾ, ಬಿಸಿನೀರು ಎಷ್ಟೊತ್ತಿಗೆ, ಅಮ್ಮನಿಗೆ ಮಂಡಿನೋವು ಮೆಟ್ಟಿಲು ಎಷ್ಟಿದೆ. ಇವಕ್ಕೆ ಏನಂದಿರಿ? ಹೇಳಿದರು. ಫೋನಿನ ಕೀಬೋರ್ಡಿನಲ್ಲಿ ಮೈಕಿನ ಗುರುತು ಒತ್ತಿ, ಭಾಷೆ ಕನ್ನಡಕ್ಕೆ ಇಟ್ಟು, ಅದನ್ನೇ ಇನ್ನೊಮ್ಮೆ ಹೇಳಿ ಅಂದೆ. ಬರೆಯಲು ಬರುವುದಿಲ್ಲ ಅನ್ನುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಆಗಿಲ್ಲ. ಪೂರ್ಣವಿರಾಮ, ಅಲ್ಪವಿರಾಮ ಮಾತ್ರ ಆಮೇಲೆ ನಾವೇ ಹಾಕಿಕೊಳ್ಳಬೇಕು. ತಿದ್ದಿದ ಮೇಲೆ ಹೀಗೆ ನಿಂತಿತು:

'ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ. ಬೇಸಿಗೆಯಲ್ಲಿ ಯಾವ ಕಾರಾದರೂ ಬರುತ್ತದೆ. ಮಳೆ ಹಿಡಿದ ಮೇಲೆ ಕಾರನ್ನು ಗೇಟಿನ ಹತ್ತಿರ ಬಿಡಿ, ನಮ್ಮ ಜೀಪು ಬರುತ್ತದೆ. ಗೇಟು ದಾಟಿದರೆ ಫೋನ್ ಸಿಗುವುದಿಲ್ಲ, ಮನೆಗೆ ಹೇಳುವುದನ್ನೆಲ್ಲ ಆಲ್ದೂರಿನಲ್ಲೇ ಹೇಳಿಬಿಡಿ. ಸ್ನಾನಕ್ಕೆ ಹಂಡೆ ನೀರು, ಬೆಳಿಗ್ಗೆ ಆರರಿಂದ. ಒಂಬತ್ತು ಮೆಟ್ಟಿಲಿದೆ, ಹಿಡಿದುಕೊಳ್ಳಲು ಕಂಬಿ ಇಲ್ಲ. ಮಳೆಗಾಲದಲ್ಲಿ ಇಂಬಳ ಇದ್ದೇ ಇದೆ. ಉಪ್ಪು, ಸುಣ್ಣ ನಾವು ಕೊಡುತ್ತೇವೆ, ಧೈರ್ಯ ನೀವು ತನ್ನಿ.'

ಕೊನೆಯ ಮಾತು ಪೂರ್ತಿ ಗೌಡರದೇ. ಫೋನಿನಲ್ಲಿ ಎಲ್ಲರಿಗೂ ಹಾಗೇ ಹೇಳುತ್ತಿದ್ದರಂತೆ, ಬರೆಯಬಹುದು ಅಂತ ಹೊಳೆದಿರಲಿಲ್ಲ. ಇದನ್ನು ಓದಿದಾಗ ಹಿಂದೆ ಕೂತಿದ್ದ ಬ್ಯಾಂಕಿನ ಹುಡುಗ ತನ್ನ ಕಥೆಯ ಹಾಳೆ ಮಡಚಿ ಜೇಬಿಗಿಟ್ಟುಕೊಂಡ.

ಅವನನ್ನು ನಾನು ಬಿಡಲಿಲ್ಲ. ಓದಿಸಿದೆ. ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಒಬ್ಬಳು ಮುದುಕಿ, ಹಳೆಯ ಸೀರೆ ಉಟ್ಟು, ಮಗನ ದಾರಿ ಕಾಯುತ್ತಾ ನಿಧಾನವಾಗಿ ನಡೆದು ಬರುತ್ತಾಳೆ. ಬಸವನಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕ ಕೈ ಎತ್ತಿದರು. ಇನ್‌ಸ್ಟಾಗ್ರಾಂನಲ್ಲಿ ಬ್ಲೌಸ್ ಡಿಸೈನ್ ಕೆಳಗೆ ಏನು ಬರೆಯಬೇಕು ಅಂತ ಕಲಿಯಲು ಬಂದವರು ಅವರು.

'ಹಳೇ ಸೀರೆ ಅಂದ್ರೆ ಎಂತದು? ಬಣ್ಣ ಹೋಗಿದ್ಯಾ, ಅಂಚು ಸವೆದಿದ್ಯಾ, ಫಾಲ್ ಬಿಚ್ಚಿದ್ಯಾ?'

ಹುಡುಗ ಕಕ್ಕಾಬಿಕ್ಕಿ. ಫಾಲ್ ಅಂದರೆ ಏನು ಅಂತಲೇ ಅವನಿಗೆ ಗೊತ್ತಿಲ್ಲ. ಅಕ್ಕ ಎದ್ದು ನಿಂತು ತಮ್ಮ ಸೀರೆಯ ಕೆಳ ಅಂಚನ್ನು ತಿರುವಿ, ಒಳಗಡೆ ಹೊಲಿದ ಪಟ್ಟಿ ತೋರಿಸಿದರು. 'ಇದು ಒಂದು ಗೇಣು ಬಿಚ್ಚಿ ಜೋಲಾಡ್ತಿದ್ರೆ ಹೆಬ್ಬೆರಳು ಸಿಕ್ಕಿ ಎಡವ್ತಾರೆ. ಅದಕ್ಕೇ ನಿನ್ನ ಮುದುಕಿ ನಿಧಾನ ನಡೀತಾಳೆ. ಹೊಲ್ಕೊಳ್ಳೋಣ ಅಂದ್ರೆ ಸೂಜಿಗೆ ದಾರ ಹಾಕ್ಕೊಡಕ್ಕೆ ಮನೇಲಿ ಯಾರಿಲ್ಲ. ಮಗ ಇಲ್ಲ ಅಂತ ನೀನು ಬೇರೆ ಹೇಳ್ಬೇಕಾ?'

ಕಥೆ ಹೇಗೆ ಬರೆಯಬೇಕು ಅಂತ ಬಂದಿರುವ ಪುಸ್ತಕಗಳಲ್ಲಿ ಒಂದಷ್ಟನ್ನು ನಾನೂ ಓದಿದ್ದೇನೆ. ಈ ಮಾತಿನಷ್ಟು ಚೆನ್ನಾಗಿ ಹೇಳಿದ್ದು ನನಗೆ ನೆನಪಿಗೆ ಬರುತ್ತಿಲ್ಲ.

ಇನ್ನು ಲೇಬಲ್. ನನಗೆ ಅತಿ ಇಷ್ಟದ ಪಾಠ ಇದು, ಕಥೆಯವರಿಗೆ ಅತಿ ಬೇಜಾರಿನದ್ದು. ತಿನ್ನುವ ಪದಾರ್ಥ ಪೊಟ್ಟಣ ಮಾಡಿ ಮಾರುವವರು ಹೆಸರು, ವಿಳಾಸ, ನಿವ್ವಳ ತೂಕ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಯಾವಾಗಿನವರೆಗೆ ಬಳಸಬಹುದು, ಎಂಆರ್‌ಪಿ, ಸಸ್ಯಾಹಾರದ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇವನ್ನೆಲ್ಲ ಹಾಕಬೇಕು. ನೂರು ಗ್ರಾಂ ಪೊಟ್ಟಣದ ಬೆನ್ನಿಗೆ ಇಷ್ಟು ತುರುಕಿದ ಮೇಲೆ ಉಳಿಯುವ ಜಾಗ ಎರಡು ಬೆರಳಗಲ. ನಿಜವಾದ ಬರವಣಿಗೆ ಅಲ್ಲೇ. ನಿಯಮದ ಪ್ರಕಾರ ಈ ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇರಬೇಕು, ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ. ಕೊಪ್ಪದಲ್ಲಿ ಹಪ್ಪಳ ಮಾಡಿ ಕೊಪ್ಪದಲ್ಲೇ ಮಾರುವ ಹೆಂಗಸಿಗೆ ಕನ್ನಡ ಎಂಬುದು 'ಅಡ್ಡಿಯಿಲ್ಲ' ಎಂಬ ಸಾಲಿನಲ್ಲಿ ಬರುತ್ತದೆ ಅನ್ನುವುದು ನನಗೆ ಪ್ರತಿ ಸಲ ಹೊಟ್ಟೆ ಉರಿಸುವ ಸಂಗತಿ. ಇರಲಿ, ಅದು ಬೇರೆ ಜಗಳ.

ಕಾಫಿಪುಡಿ ಅಂಗಡಿಯ ಸಾಹುಕಾರರು ಪೊಟ್ಟಣದ ಮುಂದೆ ದೊಡ್ಡದಾಗಿ 'ಅಪ್ಪಟ ಫಿಲ್ಟರ್ ಕಾಫಿ' ಅಂತ ಬರೆಸಿಕೊಂಡು ಬಂದಿದ್ದರು. ಒಳಗಿರುವುದು ಎಪ್ಪತ್ತಕ್ಕೆ ಮೂವತ್ತು ಚಿಕೋರಿ. ಚಿಕೋರಿ ಬೆರೆಸುವುದು ತಪ್ಪೇನಲ್ಲ. ಆದರೆ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಯಾವುದು ಎಷ್ಟು ಅಂತ ಪೊಟ್ಟಣದ ಮೇಲೆ ಹೇಳಬೇಕು. 'ಚಿಕೋರಿ ಅಂತ ಕಂಡ್ರೆ ಜನ ಮೂಗು ಮುರೀತಾರೆ ಮೇಡಂ, ಸಣ್ಣಕ್ಷರದಲ್ಲಿ ಹಿಂದೆ ಹಾಕಣ' ಅಂದರು. ನಿಮ್ಮ ಗಿರಾಕಿಗಳು ಅದೇ ಪುಡಿಯನ್ನು ಯಾಕೆ ಹುಡುಕಿಕೊಂಡು ಬರುತ್ತಾರೆ ಅಂತ ಕೇಳಿದೆ. ಹಾಲು ಸ್ವಲ್ಪ ಜಾಸ್ತಿಯಾದರೂ ಬಣ್ಣ ಕೆಡುವುದಿಲ್ಲ, ಡಿಕಾಕ್ಷನ್ ಗಟ್ಟಿ ಇಳಿಯುತ್ತದೆ. ಕೊನೆಗೆ ಮುಂಭಾಗದಲ್ಲೇ ಹೀಗೆ ಬಂತು: 'ಕಾಫಿ 70, ಚಿಕೋರಿ 30. ಹಾಲು ಹಾಕಿ ಕುಡಿಯುವವರಿಗೆ. ಹಾಲಿಲ್ಲದೆ ಕುಡಿಯುವವರು ಪಕ್ಕದ ಪೊಟ್ಟಣ ಕೇಳಿ.' ಪಕ್ಕದ ಪೊಟ್ಟಣವೂ ಮಾರಾಟವಾಗತೊಡಗಿದೆಯಂತೆ. ಅದರಲ್ಲಿ ಬಾಬಾಬುಡನ್ ಯೆಮೆನ್ನಿನ ಮೋಕಾದಿಂದ ತಂದ ಏಳು ಕಾಫಿ ಬೀಜದ ಕಥೆಯಿತ್ತು, ತೆಗೆಸಿದೆ. ಊರಿನ ಪೊಟ್ಟಣಗಳಲ್ಲೆಲ್ಲ ಅದೇ ಏಳು ಬೀಜ. ಜೊತೆಗೆ ಒಂದು ಎಚ್ಚರಿಕೆ ಹೇಳಿದೆ. ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಇವಕ್ಕೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಆ ಸೀಮೆಯದ್ದೇ ಎಂಬ ಕಾನೂನಿನ ಗುರುತು ಸಿಕ್ಕಿದೆ. ಆ ಹೆಸರನ್ನು ಚೆಂದ ಕಾಣುತ್ತದೆ ಅಂತ ಯಾರು ಬೇಕಾದರೂ ಅಚ್ಚು ಹಾಕಿಸುವಂತಿಲ್ಲ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಅಚ್ಚು ಹಾಕುವವಳಾಗಿ ನನಗೂ ಇದು ತಲೆನೋವಿನ ವಿಷಯವೇ.

ಲೇಬಲ್‌ನ ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿದೆ. ಒಳಗಿರುವ ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಹೆಚ್ಚು ಇರುವುದು ಮೊದಲು, ಚಿಟಿಕೆಯಷ್ಟಿರುವುದು ಕೊನೆಗೆ. ತೊಕ್ಕಿನ ಬಾಟಲಿಯಲ್ಲಿ 'ನೆಲ್ಲಿಕಾಯಿ' ಅಂತ ದೊಡ್ಡದಾಗಿ ಬರೆದು, ಸಾಮಗ್ರಿ ಪಟ್ಟಿಯಲ್ಲಿ ಮೊದಲು ಸಕ್ಕರೆ ಇದ್ದರೆ ಓದುವವರಿಗೆ ತಿಳಿಯುತ್ತದೆ. ಕಥೆಯವರಿಗೂ ಇದನ್ನೇ ಮಾಡಿಸುತ್ತೇನೆ. ನಿನ್ನ ಕಥೆಯಲ್ಲಿ ಏನೇನು ಎಷ್ಟೆಷ್ಟಿದೆ, ಇಳಿಕೆ ಕ್ರಮದಲ್ಲಿ ಬರೆ. ಒಬ್ಬ ಪದವಿ ಹುಡುಗಿ ಅಣ್ಣ ತಂಗಿಯ ಆಸ್ತಿ ಜಗಳದ ಕಥೆ ಅಂತ ತಂದಿದ್ದಳು. ಅವಳೇ ಪಟ್ಟಿ ಮಾಡಿದಳು: ಮಳೆ, ಬೆಟ್ಟ, ನೆನಪು, ಮಳೆ, ಅಣ್ಣ, ಜಗಳ. ಆಮೇಲೆ ಅವಳೇ ನಕ್ಕಳು.

ಅಜ್ಜಿಯ ವಿಷಯ ಹೇಳದಿದ್ದರೆ ಆಗುವುದಿಲ್ಲ. ನಮ್ಮಲ್ಲಿಗೆ ಬರುವ ಒಬ್ಬಾಕೆ ಬೆಂಗಳೂರಿನಲ್ಲಿ ಒಂದು ದುಬಾರಿ ಕಾರ್ಯಾಗಾರಕ್ಕೆ ಹೋಗಿ ಬಂದಿದ್ದರು. ಅಲ್ಲಿ ಪ್ರತಿ ಉದ್ಯಮಕ್ಕೂ ಒಂದು ಕಥೆ ಬೇಕು, ಕಥೆ ಇಲ್ಲದಿದ್ದರೆ ಗಿರಾಕಿ ಇಲ್ಲ ಅಂತ ಕಲಿಸಿ ಕಳಿಸಿದ್ದರು. ಪರಿಣಾಮ, ಅವರ ಮಿಡಿ ಉಪ್ಪಿನಕಾಯಿ ಬಾಟಲಿಯೊಳಗೆ ಒಬ್ಬ ಅಜ್ಜಿ ಬಂದು ಕೂತಿದ್ದಳು. ಜಿಲ್ಲೆಯ ಮುಕ್ಕಾಲು ಪಾಲು ಬಾಟಲಿಗಳಲ್ಲಿ ಇದೇ ಅಜ್ಜಿ ಇದ್ದಾಳೆ ಅಂತ ನನ್ನ ಗುಮಾನಿ. ನಿಮ್ಮ ಅಜ್ಜಿ ಮಿಡಿಗೆ ಎಷ್ಟು ಉಪ್ಪು ಹಾಕುತ್ತಿದ್ದರು ಅಂತ ಕೇಳಿದೆ. ತಡವರಿಸಿದರು. ಅವರ ಅಜ್ಜಿಗೆ ಬಿಪಿ ಇತ್ತಂತೆ, ಉಪ್ಪಿನಕಾಯಿ ಭರಣಿಯನ್ನೇ ಮನೆಯೊಳಗೆ ಬಿಡುತ್ತಿರಲಿಲ್ಲವಂತೆ! ಈಕೆ ಕಲಿತದ್ದು ಮದುವೆಯಾದ ಮೇಲೆ, ಶೃಂಗೇರಿ ಕಡೆಯ ನಾದಿನಿಯಿಂದ. ಅದನ್ನೇ ಬರೆಸಿದೆ. ತೊಟ್ಟು ಮುರಿಯದಂತೆ ಮಿಡಿ ಕೊಯ್ಯಬೇಕು, ನೆಲಕ್ಕೆ ಬಿದ್ದದ್ದು ಬೇಡ, ಉಪ್ಪಿನಲ್ಲಿ ಮಿಡಿ ಮುರುಟುವ ತನಕ ಖಾರ ಮುಟ್ಟುವಂತಿಲ್ಲ, ಸೊನೆಯ ವಾಸನೆ ಹೋದರೆ ಅದು ಮಿಡಿ ಉಪ್ಪಿನಕಾಯಿಯೇ ಅಲ್ಲ. ನಾದಿನಿ ಬೈಯುತ್ತಾ ಕಲಿಸಿದ ಮಾತುಗಳು ಇವು. ಅಜ್ಜಿಯ ಜಾಗದಲ್ಲಿ ಒಬ್ಬಳು ಬೈಯುವ ನಾದಿನಿ ಬಂದದ್ದಕ್ಕೆ ಬಾಟಲಿಗೆ ಒಂದು ಮುಖ ಬಂತು.

ಕೆಲವರು ಈಗ ಫೋನಿನಿಂದಲೇ ಬರೆಸಿಕೊಂಡು ಬರುತ್ತಾರೆ. ಎಐ ಬರೆದ ಕನ್ನಡ. ವ್ಯಾಕರಣ ತಪ್ಪಿಲ್ಲ, ಆದರೆ ನಿಷೇಧಿತ ಪಟ್ಟಿ ಪೂರ್ತಿ ಅದರಲ್ಲಿರುತ್ತದೆ. ಬೇಡ ಅನ್ನುವುದಿಲ್ಲ. ನಿಮ್ಮ ಹಳ್ಳದ ಮೋರಿ ಆಗಸ್ಟ್‌ನಲ್ಲಿ ಮುಳುಗುವುದು ಅದಕ್ಕೆ ಗೊತ್ತಿದೆಯಾ ಅಂತ ಕೇಳುತ್ತೇನೆ, ಅಷ್ಟೆ.

ಅದಕ್ಕಿಂತ ದೊಡ್ಡ ರಗಳೆ 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳದ್ದು. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದನ್ನು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು ಬರುತ್ತದೆ. ಅಕ್ಷರ ಕೆಟ್ಟಿಲ್ಲ, ಫೋನಿಗೆ ಅರ್ಥವಾಗುವ ಯುನಿಕೋಡ್‌ಗೆ ಬದಲಾಯಿಸಿಲ್ಲ ಅಷ್ಟೆ, ಅದಕ್ಕೆ ಪರಿವರ್ತಕಗಳಿವೆ. ಸೀಸದ ಮೊಳೆ ಕಾಲದವಳು ಇದನ್ನು ಹೇಳಿಕೊಡಬೇಕಾಗಿ ಬಂದದ್ದು ನನಗೇ ತಮಾಷೆ.

ಒಮ್ಮೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಸಾಲುಗಳನ್ನು ಬೋರ್ಡಿನ ಮೇಲೆ ಬರೆದೆ. ಕ್ರಿ.ಶ. 450ರ ಸುಮಾರಿನದು, ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದದ್ದು, ಹದಿನಾರು ಸಾಲು. ನಮ್ಮ ಪಕ್ಕದ ತಾಲ್ಲೂಕಿನ ಜನ ಕನ್ನಡದಲ್ಲಿ ಏನು ಕೆತ್ತಿಸಿದ್ದರು ನೋಡಿ, ಯಾರು, ಯಾರಿಗೆ, ಯಾವ ಊರುಗಳನ್ನು, ಯಾವ ಪರಾಕ್ರಮಕ್ಕಾಗಿ ಕೊಟ್ಟರು, ತಪ್ಪಿದವರಿಗೆ ಏನಾಗುತ್ತದೆ, ಎಲ್ಲ ಇದೆ, ಇದು ವ್ಯವಹಾರದ ಬರಹವೇ ಅಂತ ಹೇಳುತ್ತಿದ್ದೆ. ಗೌಡರು ಕನ್ನಡಕ ಏರಿಸಿ, 'ಮೊದಲನೇ ಸಾಲಲ್ಲಿ ಎಂತ ಇದೆ ಮೇಡಂ?' ಅಂದರು. ಸಂಸ್ಕೃತದಲ್ಲಿ ವಿಷ್ಣುವಿನ ಸ್ತುತಿ, ಆಮೇಲೆ ಕದಂಬ ರಾಜನ ಹೊಗಳಿಕೆ. 'ಹಾಗಾದ್ರೆ ಅವ್ರೂ ಹೊಗಳಿಕೆಯಿಂದ್ಲೇ ಶುರು ಮಾಡಿದ್ದಾರಲ್ಲ. ನಮಗೆ ಮಾತ್ರ ಯಾಕೆ ನಿಷೇಧ?' ತರಗತಿಯೆಲ್ಲ ನಗು. ಕಲ್ಲಿನಲ್ಲಿ ಕೆತ್ತಿಸುವುದಾದರೆ ನೀವೂ ಹೊಗಳಿಕೊಳ್ಳಿ ಅಂದೆ. ಬೇರೆ ಉತ್ತರ ಹೊಳೆಯಲಿಲ್ಲ.

ಬರಹ ಅಂದರೆ ಬೇರೆ ಕೆಲಸ ಬಿಟ್ಟು ಮಾಡುವಂಥದ್ದು ಅನ್ನುವ ಭ್ರಮೆ ಕಥೆ ಹುಡುಗರಲ್ಲಿ ಗಟ್ಟಿಯಾಗಿದೆ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲಂತೂ ಎಲ್ಲರ ಕಣ್ಣೂ ಅಲ್ಲೇ. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಅದೇ ಮೊದಲು. ನಾನು ನೆನಪಿಸುವುದು, ಅವರು ವಕೀಲಿಕೆ ಮಾಡಿಕೊಂಡು ಬರೆದವರು ಅಂತ. ನಮ್ಮ ಮೂಡಿಗೆರೆಯ ತೇಜಸ್ವಿ ಕಾಫಿ ತೋಟ ಮಾಡಿಕೊಂಡು ಬರೆದವರು. ಸಂಬಳದ ದಿನ, ಗೊಬ್ಬರದ ಬಿಲ್ಲು, ಕೋರ್ಟಿನ ವಾಯಿದೆ ಇವೆಲ್ಲ ಬರಹಕ್ಕೆ ಅಡ್ಡಿ ಅಂದುಕೊಂಡವರು ಮಂಗಳವಾರ ಹೊಲಿಗೆ ಅಕ್ಕನ ಪಕ್ಕ ಕೂರಲಿ.

ಅಕ್ಕನ ಬಾಕಿ ವಸೂಲಿ ಪ್ರಸಂಗ ಆದದ್ದೂ ಅಲ್ಲೇ. ಮದುವೆಗೆ ಆರು ಬ್ಲೌಸ್ ಹೊಲಿಸಿಕೊಂಡ ಮನೆಯವರು ದುಡ್ಡು ಕೊಟ್ಟಿರಲಿಲ್ಲ. ಗುರುತಿನವರು, ಬಾಯಿ ಬಿಟ್ಟು ಕೇಳಲು ಸಂಕೋಚ. ಎಲ್ಲರೂ ಒಂದೊಂದು ಮೆಸೇಜ್ ಬರೆಯಿರಿ ಅಂದೆ. ಬ್ಯಾಂಕಿನ ಹುಡುಗ 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಅಂತ ಶುರು ಮಾಡಿದ. 'ಇದೇನು ಕೋರ್ಟ್ ನೋಟಿಸಾ, ಮುಂದಿನ ಸಲ ಬ್ಲೌಸ್ ಹೊಲ್ಸಕ್ಕೆ ಬೇರೆ ಕಡೆ ಹೋಗ್ತಾರೆ ಅಷ್ಟೇ' ಅಂದರು ಅಕ್ಕ. ಸಾಹುಕಾರರು 'ಬಾಕಿ 2,400. ತುರ್ತಾಗಿ ಕಳಿಸಿ' ಅಂದರು. ಅದು ಸಗಟು ವ್ಯಾಪಾರದ ಧಾಟಿ. ಆಚೀಚೆ ಎಳೆದಾಡಿ ಕೊನೆಗೆ ಅಕ್ಕನೇ ಬರೆದದ್ದು ಹೀಗೆ:

'ಅಕ್ಕಾ, ಮದುವೆ ಫೋಟೋ ನೋಡಿದೆ, ಹಸಿರು ಬ್ಲೌಸ್ ಮಗಳಿಗೆ ತುಂಬಾ ಒಪ್ಪಿತ್ತು. ಆರು ಬ್ಲೌಸಿನದ್ದು 2,400 ಬಾಕಿ ಇದೆ. ಶುಕ್ರವಾರ ಲೈನಿಂಗ್ ಬಟ್ಟೆ ತರಕ್ಕೆ ಹೋಗ್ಬೇಕು, ಅಷ್ಟರೊಳಗೆ ಫೋನ್‌ಪೇ ಮಾಡ್ತೀರಾ?'

ಸಂಬಂಧ, ಮೊತ್ತ, ದಿನ, ಕಾರಣ. ಒಂದು ಪದ ಜಾಸ್ತಿಯಿಲ್ಲ. ಗುರುವಾರ ಸಾವಿರ ಬಂತು. ಉಳಿದದ್ದು ಇನ್ನೂ ಬರಬೇಕು.

ಕಥೆಯವರು ಕೊನೆಗೆ ಕೇಳುವುದು ಒಂದೇ, ಪುಸ್ತಕ ಮಾಡುವುದು ಹೇಗೆ. ಅದು ನನ್ನ ಕಸುಬೇ ಆದ್ದರಿಂದ ಲೆಕ್ಕ ಹೇಳುತ್ತೇನೆ. ಸಾಮಾನ್ಯ ಪುಸ್ತಕದ ಡೆಮಿ ಅಳತೆಯಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು. 112 ಪುಟ ಅಂದರೆ ಏಳು ಫಾರಂ. 115 ಪುಟವಾದರೆ ಎಂಟನೇ ಫಾರಂನ ಖರ್ಚು ತಲೆ ಮೇಲೆ, ಆದ್ದರಿಂದ ಮೂರು ಪುಟ ಕಡಿಮೆ ಮಾಡು, ಕಥೆಯೂ ಸುಧಾರಿಸುತ್ತದೆ. ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತು ಸಂಖ್ಯೆಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ, ಅದಕ್ಕೆ ದುಡ್ಡು ಕೇಳುವವರನ್ನು ನಂಬಬೇಡ. ಮೊದಲ ಪುಸ್ತಕ ತರುವ ಯುವಕರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ, ಅರ್ಜಿ ಕರೆದಾಗ ಹಾಕು.

ಬ್ಯಾಂಕಿನ ಹುಡುಗ ಐನೂರು ಪ್ರತಿ ಅಂದ. 'ಐನೂರು ಯಾರು ತಗೊಳ್ತಾರೆ, ಪಟ್ಟಿ ಇದ್ಯಾ?' ಅಂತ ಸಾಹುಕಾರರು ಥಟ್ಟನೆ ಕೇಳಿದರು. ಮುಂದಿನ ವಾರ ಪಟ್ಟಿ ಮಾಡಿಕೊಂಡು ಬಂದ. ಅರ್ಧಕ್ಕರ್ಧ ನೆಂಟರು. ನೆಂಟರು ದುಡ್ಡು ಕೊಟ್ಟು ಪುಸ್ತಕ ತಗೊಳ್ಳುವುದಿಲ್ಲ ಅಂತ ಗೌಡರು ಅವರನ್ನೆಲ್ಲ ಹೊಡೆದುಹಾಕಿದರು. ಸಹೋದ್ಯೋಗಿಗಳಲ್ಲಿ ಕನ್ನಡ ಓದುವವರು ಯಾರು ಅಂತ ಕೇಳಿ ಇನ್ನಷ್ಟು ಹೋದವು. ಉಳಿದ ಹೆಸರುಗಳನ್ನು ನೋಡುತ್ತಾ ಹುಡುಗ ಸುಮ್ಮನಾದ. ನೂರು ಹಾಕಿಸು, ಬೇಕಾದರೆ ಮತ್ತೆ ಅಚ್ಚು ಹಾಕೋಣ, ಈಗ ಸಣ್ಣ ಸಂಖ್ಯೆಯಲ್ಲೂ ಆಗುತ್ತದೆ, ಪ್ರತಿಗೆ ಬೆಲೆ ಮಾತ್ರ ಸ್ವಲ್ಪ ಜಾಸ್ತಿ ಬೀಳುತ್ತದೆ ಅಂದೆ. ಹೊಲಿಗೆ ಅಕ್ಕ ಪಟ್ಟಿಯ ಕೆಳಗೆ ತಮ್ಮ ಹೆಸರು ಸೇರಿಸಿ ಎರಡು ಪ್ರತಿ ಅಂತ ಬರೆದರು.

'ಅಂಗಡೀಲಿ ಕಾಯ್ತಾ ಕೂರೋರಿಗೆ ಓದಕ್ಕೆ ಇಡ್ತೀನಿ. ಆ ಫಾಲ್ ಬಿಚ್ಚಿದ ಸೀರೆ ಕಥೆ ಇರ್ಬೇಕು ಮತ್ತೆ. ದುಡ್ಡು ಮಾತ್ರ ಆ ಬ್ಲೌಸಿನ ಬಾಕಿ ಬಂದ ಮೇಲೆ ಕೊಡೋದು.'